ಚಿಮಟಪ್ಪನ ಗುಲಾಬಿ

ಎಲೆ, ಮಣ್ಣು ಪರೀಕ್ಷಿಸುವ ಆ ಪ್ರಯೋಗಾಲಯದಲ್ಲಿ ಎರಡು ಕೋಣೆಗಳು: ‘ಹಾಕಿದ್ದು’ ಮತ್ತು ‘ಹಾಕದ್ದು’. ಸಾರಜನಕದಲ್ಲಿ ಹಗುರದ್ದು, ಭಾರದ್ದು ಎಂದು ಎರಡು ಬಗೆ. ಭಾರದ್ದು ಎಲ್ಲೆಡೆಯೂ ಇದೆ, ಆದರೆ ತೀರಾ ಕಡಿಮೆ. ಅದನ್ನೇ ಹೆಚ್ಚಾಗಿ ಸೇರಿಸಿದ ಗೊಬ್ಬರ ಹಾಕಿದರೆ, ಎಲೆಗೆಷ್ಟು ಸೇರಿತು, ಮಣ್ಣಲ್ಲೆಷ್ಟು ಉಳಿಯಿತು ಎಂದು ಯಂತ್ರ ಹೇಳುತ್ತದೆ. ಅಂಥವು ಮೊದಲ ಕೋಣೆಗೆ. ಏನೂ ಹಾಕದೆ ಬೆಳೆದವು ಎರಡನೆಯದಕ್ಕೆ. ಅದರ ಬಾಗಿಲು ಕಾಯುವವರು ಚಿಮಟಪ್ಪ.

ಎಲೆಪುಡಿಯನ್ನು ತವರದ ಪುಟ್ಟ ಬಟ್ಟಲಿಗೆ ತುಂಬಿ, ಚಿಮಟದಿಂದ ಮೆಣಸಿನಕಾಳಿನಷ್ಟಕ್ಕೆ ಮಡಚುವ ಕೈಚಳಕಕ್ಕೆ ಅಂಟಿದ ಹೆಸರದು. ಆಚೆ ಕೋಣೆಯ ಚಮಚ ಈಚೆ ಬಂದರೆ ಚಮಚದ ಜೊತೆ ತಂದವರೂ ಹೊರಗೆ. ಭಾರದ್ದರ ಒಂದು ಕಣ ಸಾಕು, ಹಾಲಿಗೆ ಹುಳಿ ಬಿದ್ದಂತೆ! ಯಂತ್ರ ಸರಿಯಿದೆಯೇ ಎಂದು ನೋಡಲು ಪ್ರತಿ ಸಲವೂ ತಮ್ಮ ಮನೆಯ ಗುಲಾಬಿ ಎಲೆಯ ಪುಡಿಯನ್ನೇ ಇಡುತ್ತಿದ್ದರು. ಅದರ ಅಂಕಿ ವರ್ಷಗಳಿಂದ ಅಲುಗಿರಲಿಲ್ಲ.

ಈ ಸಲ ಹೊಸದಾಗಿ ಕಿತ್ತ ಎಲೆಯ ಪುಡಿ ಇಟ್ಟರೆ ಅಂಕಿ ಮುಗಿಲಿಗೇರಿತು.

“ನಿಂದೇ ಕೆಲಸ,” ಎಂದು ಸಂಶೋಧನೆಯ ಹುಡುಗಿಯ ಮೇಲೆ ಹರಿಹಾಯ್ದರು. “ಆ ಕೋಣೆಯಿಂದ ಕೈ ತೊಳೀದೆ ಬಂದಿದೀಯ. ನಿನ್ನ ಎಲೆ, ಮಣ್ಣು ಎಲ್ಲಾ ಎಸಿ.”

“ಅಂಕಲ್, ಬೆಳೆ ಕೊಯ್ದಾಯ್ತು. ಎಸೆದ್ರೆ ಇನ್ನೆಲ್ಲಿಂದ ತರ್ಲಿ? ನಾಳೆ ಬೆಳಿಗ್ಗೆವರೆಗಾದ್ರೂ ಬಿಡಿ.”

ಹಳೆಯ ಪುಡಿ ಸೀಸೆಯ ತಳದಲ್ಲಿ ಇನ್ನೂ ಇತ್ತು. ಅದನ್ನಿಟ್ಟು ನೋಡೋಣವೆಂದು ಅವರಿಗೆ ಹೊಳೆಯಲಿಲ್ಲ. ಸ್ವಂತ ಗಿಡದ ಮೇಲೆ ಯಾರಾದರೂ ಅನುಮಾನ ಪಡುತ್ತಾರೆಯೇ!

ಸಂಜೆ ಮನೆಗೆ ಬಂದರೆ ಗುಲಾಬಿ ಮೈತುಂಬ ಹೂಬಿಟ್ಟಿತ್ತು. ಹೆಂಡತಿ ಅವರ ಕೋಟಿಗೆ ಹೊಸ ಗುಂಡಿ ಹೊಲಿಯುತ್ತಿದ್ದಳು.

“ಏನು ಹಾಕ್ದೆ ಇದಕ್ಕೆ?”

“ನಾನೇನು ಹಾಕ್ಲಿ? ಮುಚ್ಚಳ ಗಟ್ಟಿಯಿದೆ, ಗುಂಡಿ ಹಾಕಿಡೋಕೆ ಆಗುತ್ತೆ ಅಂತ ಹೋದ ತಿಂಗಳು ನೀವೇ ಡಬ್ಬಿ ತಂದ್ರಲ್ಲ? ತಳದಲ್ಲಿ ಒಂಚೂರು ಬಿಳಿ ಪುಡಿ ಅಂಟ್ಕೊಂಡಿತ್ತು. ತೊಳೆದ ನೀರು ಚೆಲ್ಲೋದ್ಯಾಕೆ ಅಂತ ಗಿಡಕ್ಕೆ ಸುರಿದೆ.”

ಚಿಮಟಪ್ಪ ಡಬ್ಬಿಯನ್ನು ಎತ್ತಿ ನೋಡಿದರು. ‘ಹಾಕಿದ್ದು’ ಕೋಣೆಯ ಕಸದ ಬುಟ್ಟಿಯಿಂದ ಯಾರೂ ನೋಡದಂತೆ ಎತ್ತಿಕೊಂಡು ಬಂದ ಗೊಬ್ಬರದ ಖಾಲಿ ಡಬ್ಬಿ. ಚಮಚ ತಂದವರನ್ನು ಹೊರಗೆ ಹಾಕಿದ್ದ ಮನುಷ್ಯ!

“ಅಷ್ಟೊಂದು ಹೂ ಬಿಟ್ಟಿದೆ, ನಿಮ್ಮ ಮುಖ ಯಾಕೆ ಬಾಡ್ತು?”

ಬೆಳಿಗ್ಗೆ ಹುಡುಗಿ ಕಣ್ಣು ಊದಿಸಿಕೊಂಡು ತನ್ನ ಪೊಟ್ಟಣಗಳನ್ನು ಕಸದ ಚೀಲಕ್ಕೆ ತುಂಬುತ್ತಿದ್ದಳು. ಚಿಮಟಪ್ಪ ಚೀಲ ಕಿತ್ತುಕೊಂಡರು. “ಎಸೀಬೇಡಮ್ಮ. ಎಸೀಬೇಕಾದ್ದು ನನ್ನ ಪುಡಿ.” ಡಬ್ಬಿಯ ಕತೆಯನ್ನು ಬಿಕ್ಕುತ್ತ ಒಪ್ಪಿಸಿ, ಹಳೆಯ ಪುಡಿಯನ್ನು ಯಂತ್ರಕ್ಕಿಟ್ಟರು. ಅಂಕಿ ಕೂದಲೆಳೆಯಷ್ಟೂ ಆಚೀಚೆಯಿಲ್ಲ. ಕೋಣೆ ಶುದ್ಧವಾಗಿತ್ತು, ಅವಳ ಎಲೆಗಳೂ.

ಹುಡುಗಿ ಕಣ್ಣೊರೆಸಿಕೊಂಡು ಅವರ ಕೋಟನ್ನೇ ನೋಡಿದಳು. “ಅಂಕಲ್, ಈ ಹೊಸ ಗುಂಡಿ ಆ ಡಬ್ಬಿಯಲ್ಲಿದ್ದದ್ದಾ?”

“ಹೂಂ.”

“ಹಾಗಾದ್ರೆ ನೀವು ಈ ಕೋಣೆಯಲ್ಲಿರೋ ಹಾಗಿಲ್ಲ.”

ಚಿಮಟಪ್ಪ ಬಾಗಿಲಾಚೆ ಹೋಗಿ ನಿಂತು, ಕೋಟು ಬಿಚ್ಚತೊಡಗಿದರು.