ದ್ವಾದಶಿಯಂದು ಉಪವಾಸದ ಅರಮನೆಯಲ್ಲಿ

ಅಮ್ಮ ಹೋದಳೆಂಬ ಟೆಲಿಗ್ರಾಂ ನ್ಯೂಜೆರ್ಸಿಗೆ ಬಂದು, ನಾನು ಮೈಸೂರು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮುಖ ಕೂಡ ನೋಡಲಾಗಲಿಲ್ಲ. ಅವಳು ಎಂದೂ ಏಕಾದಶಿ ಬಿಟ್ಟವಳಲ್ಲ. ವರ್ಷ ತುಂಬುವವರೆಗೆ ಅವಳ ಹೆಸರಿನಲ್ಲಿ ನಾನೂ ಒಂದನ್ನೂ ಬಿಡುವುದಿಲ್ಲವೆಂದು ಹಟ ಹಿಡಿದೆ. ಹಟದಲ್ಲಿ ನಾನು ಯಾರಿಗೂ ಕಡಿಮೆಯಿಲ್ಲ.

ಎಪ್ಪತ್ತರ ದಶಕದ ಕೊನೆ ಅದು. ನನ್ನ ಗಂಡ ಡಾಕ್ಟರು. ಸೂಜಿ ಚುಚ್ಚಿ ಮಾಡುವ ಚಿಕಿತ್ಸೆ ನೋಡಲು ಚೀನಾದ ಪೀಕಿಂಗಿಗೆ ಹೊರಟ ವೈದ್ಯರ ತಂಡದಲ್ಲಿ ನಮಗೂ ಜಾಗ ಸಿಕ್ಕಿತು. ನ್ಯೂಯಾರ್ಕಿನಿಂದ ಹೊರಟದ್ದು ಮಂಗಳವಾರ, ಏಕಾದಶಿ ಬುಧವಾರ. ನನ್ನ ವಾಚಿನ ಪ್ರಕಾರ ಇನ್ನೂ ಮಂಗಳವಾರವೇ ಎಂದುಕೊಂಡು ವಿಮಾನದಲ್ಲಿ ಕೊಟ್ಟ ಅನ್ನ, ಬ್ರೆಡ್ಡು ಎಲ್ಲ ತಿಂದೆ. ಇಳಿದು, ಮಲಗಿ ಎದ್ದರೆ ಗುರುವಾರ! ಬುಧವಾರವನ್ನು ಪೆಸಿಫಿಕ್ ಸಾಗರ ನುಂಗಿ ಹಾಕಿತ್ತು. ತಲೆ ಚಚ್ಚಿಕೊಳ್ಳುವಷ್ಟು ಸಿಟ್ಟು ಬಂತು.

"ಇವತ್ತು ಮಾಡ್ತೀನಿ," ಎಂದೆ.

"ಇವತ್ತು ದ್ವಾದಶಿ ಕಣೇ. ಪಾರಣೆ ದಿನ ಯಾರಾದ್ರೂ ಉಪವಾಸ ಮಾಡ್ತಾರಾ?"

"ನ್ಯೂಜೆರ್ಸೀಲಿ ಈಗಿನ್ನೂ ಬುಧವಾರ ಸಾಯಂಕಾಲ ರೀ. ನನ್ನ ಅಡುಗೆಮನೆ ಅಲ್ಲಿದೆ."

"ಸಂಜೆ ಇಲ್ಲಿನ ಡಾಕ್ಟರುಗಳು ಡಿನ್ನರ್ ಕೊಡ್ತಿದಾರೆ. ತಿನ್ನದಿದ್ರೆ ಇನ್ಸಲ್ಟ್ ಆಗತ್ತೆ."

"ಆಗ್ಲಿ ಬಿಡಿ."

ಆ ಬೆಳಿಗ್ಗೆ ನಮ್ಮ ಗೈಡ್ ಹುಡುಗಿ ಕರೆದುಕೊಂಡು ಹೋದದ್ದು ಎಲ್ಲಿಗೆ ಅಂತೀರಿ? ಉಪವಾಸದ ಅರಮನೆಗೆ. ಸುತ್ತ ಕಂದಕ, ಹಸಿರು ಹೆಂಚು, ಮುದಿ ಮರಗಳು. ನಮ್ಮ ಹೆಜ್ಜೆ ಬಿಟ್ಟರೆ ಸದ್ದಿಲ್ಲ. ಆಕಾಶಕ್ಕೆ ಪೂಜೆ ಸಲ್ಲಿಸುವ ಮುಂಚೆ ಚಕ್ರವರ್ತಿ ಮೂರು ದಿನ ಮಾಂಸ, ಮದ್ಯ ಮುಟ್ಟದೆ, ಈರುಳ್ಳಿ ಬೆಳ್ಳುಳ್ಳಿಯನ್ನೂ ತಿನ್ನದೆ ಇರಬೇಕಿತ್ತಂತೆ. ಅಡುಗೆಮನೆಯ ಮಡಿಯಲ್ಲಿ ಅಮ್ಮನೂ ಅವನೂ ಒಂದೇ ಎನಿಸಿ ಹೆಮ್ಮೆಯಾಯಿತು.

"ಮೂರು ದಿನವೂ ಇಲ್ಲೇ ಇರುತ್ತಿದ್ದನೇ?" ಎಂದು ಇಂಗ್ಲಿಷಿನಲ್ಲಿ ಕೇಳಿದೆ.

ಹುಡುಗಿ ನಕ್ಕಳು. ಆಮೇಲಿನ ಚಕ್ರವರ್ತಿಗಳು ಊರೊಳಗೆ ತಮ್ಮ ಅರಮನೆಯಲ್ಲೇ ಇನ್ನೊಂದು ಉಪವಾಸದ ಮನೆ ಕಟ್ಟಿಸಿಕೊಂಡು, ಇಲ್ಲಿಗೆ ಕೊನೆಯ ದಿನ ಮಾತ್ರ ಬರುತ್ತಿದ್ದರಂತೆ.

"ನೋಡು, ಚಕ್ರವರ್ತೀನೇ ಅಡ್ಜಸ್ಟ್ ಮಾಡ್ಕೊಂಡಿದಾನೆ," ಎಂದು ಗಂಡ ಛೇಡಿಸಿದರು.

"ಅದು ಅವನ ಪಾಡು," ಎಂದೆ. ಹೊಟ್ಟೆ ಚುರುಗುಟ್ಟುತ್ತಿತ್ತು. ಹುಡುಗಿಗೆ ನನ್ನ ಉಪವಾಸದ ವಿಷಯ ಹೇಳಿಟ್ಟೆ.

ಸಂಜೆ ದುಂಡು ಮೇಜಿನ ಸುತ್ತ ಕೂತೆವು. ನಮ್ಮನ್ನು ಕರೆದಿದ್ದ ಹಿರಿಯ ವೈದ್ಯರು ತಾವೇ ಎದ್ದು ನನ್ನ ತಟ್ಟೆಗೆ ಬಡಿಸಲು ಬಂದರು. ನಾನು ತಟ್ಟೆಯ ಮೇಲೆ ಕೈ ಅಡ್ಡ ಹಿಡಿದೆ. ಗಂಡ ಮೇಜಿನಡಿ ನನ್ನ ಕಾಲು ತುಳಿದರು, ನಾನು ಕೈ ತೆಗೆಯಲಿಲ್ಲ. ಹುಡುಗಿ ಅವರಿಗೆ ಏನೋ ವಿವರಿಸಿದಳು. ಅವರು ನನ್ನನ್ನೇ ನೋಡುತ್ತಾ ಒಂದು ಪ್ರಶ್ನೆ ಕೇಳಿದರು.

"ಯಾರಿಗೋಸ್ಕರ ಅಂತ ಕೇಳುತ್ತಿದ್ದಾರೆ," ಎಂದಳು.

ಅಮ್ಮನಿಗೋಸ್ಕರ ಎನ್ನಲು ಬಾಯಿ ತೆರೆದೆ. ಮೈಸೂರಿನಲ್ಲಿ ಖಾಲಿ ಮಂಚದ ಮುಂದೆ ಬಾರದ ಅಳು ಅಲ್ಲಿ, ಗುರುತಿಲ್ಲದವರ ನಡುವೆ, ಒತ್ತರಿಸಿ ಬಂತು. ಬಿಕ್ಕಿ ಬಿಕ್ಕಿ ಅತ್ತೆ. ಆ ಹಿರಿಯರು ಬಡಿಸುವುದನ್ನು ಬಿಟ್ಟು ನನ್ನ ಲೋಟಕ್ಕೆ ಬಿಸಿನೀರು ಬಗ್ಗಿಸಿದರು. ಅದನ್ನು ಕುಡಿದೆ. ತಟ್ಟೆ ಮಾತ್ರ ಮುಟ್ಟಲಿಲ್ಲ.