ಏವಾಲ್ಡರ ಬಾವುಟ ಅರ್ಧಕ್ಕೆ ನಿಂತ ದಿನ

ನಮ್ಮೂರಿನ ವಾರಪತ್ರಿಕೆ ಬುಧವಾರ ಬಾಗಿಲಿಗೆ ಬಂದು ಬೀಳುತ್ತದೆ. ಜನ ಅದನ್ನು ಓದುವುದು ಸುದ್ದಿ ತಿಳಿಯಲಿಕ್ಕಲ್ಲ, ಪತ್ರಿಕೆಯವರು ಸುದ್ದಿಯನ್ನು ಸರಿಯಾಗಿ ಬರೆದಿದ್ದಾರೋ ಇಲ್ಲವೋ ನೋಡಲಿಕ್ಕೆ. ಸುದ್ದಿ ಅಷ್ಟರಲ್ಲಿ ಏವಾಲ್ಡರ ಬಾವುಟದಿಂದ ಎಲ್ಲರಿಗೂ ಗೊತ್ತಾಗಿರುತ್ತದೆ.

ಏವಾಲ್ಡ್ ತಮ್ಮ ದುಡಿಮೆಯ ಕಾಲವನ್ನೆಲ್ಲ ಊರಿನ ಡೇರಿಯಲ್ಲಿ ಹಾಲಿನ ಕ್ಯಾನು ಇಳಿಸುತ್ತ ಕಳೆದವರು. ಡೇರಿ ಮುಚ್ಚಿದ ಮೇಲೆ ಚರ್ಚಿನ ಅಂಗಳದ ಹುಲ್ಲು ಕತ್ತರಿಸುವುದು, ದಾರಿಯ ಹಿಮ ಸರಿಸುವುದು ಅವರ ಪಾಲಿಗೆ ಬಂತು. ಬಾವುಟದ ಕೆಲಸವನ್ನು ಮಾತ್ರ ಅವರಿಗೆ ಯಾರೂ ವಹಿಸಿದ್ದಲ್ಲ. ನಮ್ಮೂರು ಎಲ್‌ಸ್ಟ್ರಪ್‌ನಲ್ಲಿ ಹೆಚ್ಚುಕಡಿಮೆ ಮನೆಗೊಂದು ಬಾವುಟದ ಕಂಬವಿದೆ. ಹುಟ್ಟುಹಬ್ಬಕ್ಕೆ, ಮದುವೆಯ ಬೆಳ್ಳಿಹಬ್ಬಕ್ಕೆ ಎಲ್ಲರೂ ತಮ್ಮ ತಮ್ಮ ಬಾವುಟ ಏರಿಸಿಕೊಳ್ಳುತ್ತಾರೆ. ಏವಾಲ್ಡ್ ಊರಿನವರೆಲ್ಲರ ಪರವಾಗಿ ಏರಿಸುತ್ತಾರೆ. ಬೇಕರಿಯ ಯುಟ್ಟಾಗೆ ಅರವತ್ತು ತುಂಬಿದಾಗ, ಮುಚ್ಚುತ್ತೇವೆ ಎಂದಿದ್ದ ಶಾಲೆಯನ್ನು ಮುಚ್ಚುವುದಿಲ್ಲ ಎಂದಾಗ, ಪೇಟೆಯ ಬಸ್ಸು ಮತ್ತೆ ಓಡತೊಡಗಿದಾಗ ಅವರ ಅಂಗಳದಲ್ಲಿ ನಮ್ಮ ದೇಶದ ಬಾವುಟದ ಆ ಕೆಂಪು ಬಟ್ಟೆ, ಅದರ ಮೇಲಿನ ಬಿಳಿ ಶಿಲುಬೆ ಪಟಪಟಿಸಿದವು. ಯಾರಾದರೂ ತೀರಿಕೊಂಡರೆ ಅದೇ ಬಾವುಟ ಕಂಬದ ಅರ್ಧಕ್ಕೆ ಇಳಿದು ನಿಲ್ಲುತ್ತದೆ. ಮಣ್ಣು ಮುಗಿದ ಕೂಡಲೇ ಅದನ್ನು ಮತ್ತೆ ತುದಿಗೆ ಏರಿಸುತ್ತಾರೆ. "ಅಳು ಮುಗೀತು ಅಂತಲ್ಲ," ಎಂದು ಒಮ್ಮೆ ನನಗೆ ಹೇಳಿದ್ದರು, "ಹೋದೋರನ್ನ ಸರಿಯಾಗಿ ಕಳಿಸಿಕೊಟ್ವಿ ಅಂತ."

ಊರಂಚಿನಲ್ಲಿ ಹಂದಿ ಸಾಕಿಕೊಂಡು, ಕಂಡವರ ಮೇಲೆಲ್ಲ ರೇಗಿಕೊಂಡು ಒಬ್ಬ ಇದ್ದನಂತೆ. ಅವನು ಸತ್ತ ದಿನ ಬೇರೆ ಯಾರೂ ಕಂಬದ ಹತ್ತಿರ ಸುಳಿಯಲಿಲ್ಲ. ಏವಾಲ್ಡ್ ಒಬ್ಬರೇ ಅರ್ಧಕ್ಕೆ ಇಳಿಸಿ ನಿಂತರು. ಸ್ವಲ್ಪ ಹೊತ್ತಿಗೆ ಎದುರುಮನೆಯವರಿಗೆ ನಾಚಿಕೆಯಾಗಿ ಅವರೂ ಇಳಿಸಿದರು, ಆಮೇಲೆ ಪಕ್ಕದವರು, ಆಮೇಲೆ ಇಡೀ ಬೀದಿ. ಅಲ್ಲಿಂದ ಅದೇ ರೂಢಿ: ಏವಾಲ್ಡ್ ಇಳಿಸಿದರೆ ಬೀದಿಯೇ ಇಳಿಸುತ್ತದೆ. ಯಾರು ಹೋದರು ಎಂದು ಆಮೇಲೆ ಕೇಳುತ್ತಾರೆ.

ಇದನ್ನೆಲ್ಲ ನಾನು ಈ ಊರಿಗೆ ಸೇರಿದ ಮೇಲೆ ಕಲಿತದ್ದು. ನಾನು ಓದಿ ಬೆಳೆದದ್ದು ಕೋಪನ್‌ಹೇಗನ್‌ನಲ್ಲಿ. ಅಲ್ಲಿ ನಾವಿದ್ದ ಕಟ್ಟಡಕ್ಕೊಂದು ಕಂಬವೇ ಇರಲಿಲ್ಲ. ಗಂಡ ಎಸ್ಕಿಲ್ ಸಮುದ್ರದ ಮೇಲಿನ ಗಾಳಿಯಂತ್ರಗಳ ರಿಪೇರಿಗೆ ಹೋದರೆ ವಾರಗಟ್ಟಲೆ ಬರುವುದಿಲ್ಲ. ಮಗಳು ಆಸ್ತಾಗೆ ಇನ್ನೂ ವರ್ಷ ತುಂಬಿಲ್ಲ. ನಾನು ಲೈಬ್ರರಿಯಲ್ಲಿ ಕೆಲಸಕ್ಕಿರುವಾಗ ಅವಳನ್ನು ನೋಡಿಕೊಳ್ಳುವವರು ಏವಾಲ್ಡರ ಹೆಂಡತಿ ಗೂರ್ಲಿ. ತಮ್ಮ ಮನೆಯಲ್ಲೇ ಮೂರು ಮಕ್ಕಳನ್ನು ನೋಡಿಕೊಳ್ಳುತ್ತಾರೆ, ಉಂಡ ಮೇಲೆ ಮಕ್ಕಳ ತಳ್ಳುಗಾಡಿಯಲ್ಲಿ ಬೆಚ್ಚಗೆ ಹೊದಿಸಿ ಹಿತ್ತಲಲ್ಲಿ ಮಲಗಿಸುತ್ತಾರೆ. ಚಳಿಗಾಲದಲ್ಲೂ ಹೊರಗೇ, ಈ ದೇಶದ ರೂಢಿಯೇ ಅದು. ನಾನೂ ಹಾಗೆ ಮಲಗಿ ಬೆಳೆದವಳೇ. ಆದರೆ ಆಗ ನಾನು ಮಗುವಾಗಿದ್ದೆ, ಈಗ ತಾಯಿ.

ಆ ಫೆಬ್ರವರಿ ಬೆಳಿಗ್ಗೆ ಆಸ್ತಾ ಸ್ವಲ್ಪ ಕೆಮ್ಮುತ್ತಿದ್ದಳು. ಜ್ವರವಿರಲಿಲ್ಲ. ಥರ್ಮಾಮೀಟರ್ ಸುಳ್ಳು ಹೇಳುತ್ತಿರಬಹುದೆಂದು ಮತ್ತೆ ಮತ್ತೆ ಇಟ್ಟು ನೋಡಿದ್ದೆ. ರಾತ್ರಿ ಮಂಜುಮಳೆ ಬಿದ್ದು ಬೀದಿಯೆಲ್ಲ ಗಾಜಿನಂತಾಗಿತ್ತು.

"ಇವತ್ತು ಒಳಗೇ ಮಲಗಿಸ್ತೀರಾ?" ಎಂದು ಬಾಗಿಲಲ್ಲಿ ಕೇಳಿದೆ.

ಗೂರ್ಲಿ ಆಸ್ತಾಳನ್ನು ಸೊಂಟಕ್ಕೆ ಹಾಕಿಕೊಂಡರು. "ನಿನ್ನನ್ನೂ ಹಿಂಗೇ ಮಲಗಿಸಿದ್ರಲ್ಲ ಸಿಗ್ನೆ, ಬದುಕಿದೀಯ ತಾನೆ? ಹೋಗು, ಹೊತ್ತಾಯ್ತು. ಉಳಿದ ಎರಡು ಮಕ್ಕಳೂ ಶೀತ ಅಂತ ಬಂದಿಲ್ಲ. ನಿನ್ನ ಮಗಳಿಗೆ ಇವತ್ತು ರಾಣಿ ಉಪಚಾರ."

ಲೈಬ್ರರಿ ಇರುವುದು ದಿಬ್ಬದ ಮೇಲೆ. ನನ್ನ ಮೇಜಿನ ಪಕ್ಕದ ಕಿಟಕಿಯಿಂದ ಏವಾಲ್ಡರ ಕಂಬ ಕಾಣುತ್ತದೆ. ಆ ಮೇಜನ್ನು ನಾನು ಬೇಡಿ ಪಡೆದದ್ದೇ ಅದಕ್ಕೆ. ಮಧ್ಯಾಹ್ನದ ಹೊತ್ತಿಗೆ ತಲೆ ಎತ್ತಿದಾಗ ಬಾವುಟ ಕಂಡಿತು. ಅರ್ಧಕ್ಕೆ ನಿಂತಿತ್ತು.

ಯಾರೋ ಪಾಪ, ಎಂದುಕೊಂಡೆ. ಮರುಕ್ಷಣ ಎದ್ದು ನಿಂತೆ. ಬೆಳಿಗ್ಗೆ ಅಲ್ಲಿ ಬಾವುಟವೇ ಇರಲಿಲ್ಲ. ಊರಿನ ಯಾರ ಸಾವಿನ ಸುದ್ದಿಯೂ ಬಂದಿರಲಿಲ್ಲ. ಆ ಮನೆಯಲ್ಲಿದ್ದದ್ದು ಮೂರೇ ಜೀವ, ಅದರಲ್ಲೊಂದು ನನ್ನದು.

ಫೋನು ಮಾಡಿದೆ. ಗೂರ್ಲಿ ಎತ್ತಲಿಲ್ಲ. ಮತ್ತೆ ಮಾಡಿದೆ. ರಿಂಗಾಗುತ್ತಲೇ ಇತ್ತು. ಅಷ್ಟರಲ್ಲಿ ಎದುರುಮನೆಯ ಕಂಬದಲ್ಲೂ ಒಂದು ಬಾವುಟ ತುದಿಗೆ ಹೋಗಿ ನಿಧಾನಕ್ಕೆ ಅರ್ಧಕ್ಕೆ ಇಳಿಯಿತು. ಅದರ ಪಕ್ಕದಲ್ಲಿ ಇನ್ನೊಂದು. ಕೋಟು ಹಾಕಿದೆನೋ ಇಲ್ಲವೋ ನೆನಪಿಲ್ಲ. ಮಂಜುಗಟ್ಟಿದ ಇಳಿಜಾರಿನಲ್ಲಿ ಬೇಲಿ ಹಿಡಿದು, ಜಾರಿ, ಎದ್ದು, ಓಡಿದೆ. ನಾನು ಇಳಿಯುತ್ತ ಹೋದಂತೆ ಎರಡೂ ಬದಿ ಬಾವುಟಗಳು ಇಳಿಯುತ್ತ ಬಂದವು.

ಏವಾಲ್ಡರ ಗೇಟಿನ ಮುಂದೆ ನಾಲ್ಕೈದು ಜನ ನಿಂತಿದ್ದರು. ಬಾಗಿಲು ತಟ್ಟುವ ಧೈರ್ಯ ಯಾರಿಗೂ ಇರಲಿಲ್ಲ. ಯುಟ್ಟಾ ಕೈಯಲ್ಲಿ ಕೇಕಿನ ತಟ್ಟೆ ಹಿಡಿದು ಕಣ್ಣೊರೆಸಿಕೊಳ್ಳುತ್ತಿದ್ದರು.

"ಯಾರು? ಯಾರಿಗೆ ಏನಾಯ್ತು?" ಎಂದು ಕೂಗಿದೆ.

"ಏವಾಲ್ಡ್ ಅಂತ ಕಾಣ್ಸುತ್ತೆ ಕಣಮ್ಮ. ಹೋದ ತಿಂಗಳು ಎದೆನೋವು ಅಂತಿದ್ದ. ಗೂರ್ಲಿನೇ ಹೆಂಗೋ ಎಳೆದು ಕಟ್ಟಿರ್ಬೇಕು, ನೋಡು, ಗಂಟೂ ಸೊಟ್ಟಗಿದೆ," ಎಂದರು ಯುಟ್ಟಾ.

"ನೀವು ನೋಡಿದ್ರಾ? ಕೇಳಿದ್ರಾ ಯಾರನ್ನಾದ್ರೂ?"

"ಏನಂತ ಕೇಳೋದು ಹೇಳು?"

ಹೇಳಲು ನಾಚಿಕೆಯಾಗುತ್ತದೆ, ಏವಾಲ್ಡ್ ಎಂಬ ಹೆಸರು ಕೇಳಿ ನನಗೆ ಒಂದು ಗಳಿಗೆ ನಿರಾಳವೇ ಆಯಿತು. ಆದರೆ ಅವರಿಗೂ ಖಚಿತವಿಲ್ಲವಲ್ಲ. ಅವರನ್ನು ಸರಿಸಿಕೊಂಡು ಮನೆಯ ಪಕ್ಕದ ಓಣಿಯಿಂದ ಹಿತ್ತಲಿಗೆ ನುಗ್ಗಿದೆ.

ಸೂರಿನ ಕೆಳಗೆ ತಳ್ಳುಗಾಡಿ. ಮೇಲೆ ಬೆಕ್ಕಿನ ಕಾಟಕ್ಕೆ ಕಟ್ಟಿದ ಬಲೆ. ಬಲೆ ಎತ್ತಿದೆ. ಉಣ್ಣೆ ಟೋಪಿ, ಕುರಿಚರ್ಮದ ಹೊದಿಕೆ, ನಡುವೆ ಟೊಮೇಟೊದಷ್ಟು ಕೆಂಪಗಿನ ಎರಡು ಕೆನ್ನೆ. ಮೂಗಿನ ಮುಂದೆ ಒಂದು ಸಣ್ಣ ಆವಿಯ ಎಳೆ ಬಂತು, ಹೋಯಿತು. ಮತ್ತೆ ಬಂತು. ನಾನು ಅಲ್ಲೇ ಕುಕ್ಕರುಗಾಲಿನಲ್ಲಿ ಕೂತು ಆ ಆವಿಯನ್ನೇ ನೋಡುತ್ತ ಇದ್ದುಬಿಟ್ಟೆ.

ಅಡುಗೆಮನೆಯ ಕಿಟಕಿ ತೆರೆಯಿತು. "ಶ್! ಈಗ ತಾನೇ ಮಲಗಿದಾಳೆ," ಎಂದರು ಗೂರ್ಲಿ ಪಿಸುದನಿಯಲ್ಲಿ. ಮೊಣಕೈವರೆಗೆ ಹಿಟ್ಟು. "ನೀನ್ಯಾಕೆ ಇಲ್ಲಿ? ಕೋಟೆಲ್ಲಿ? ಫೋನ್ ನೀನೇ ಮಾಡಿದ್ದಾ? ಕೈಯೆಲ್ಲ ಹಿಟ್ಟು, ಹೆಂಗೆ ಎತ್ಲಿ?"

"ಏವಾಲ್ಡ್ ಎಲ್ಲಿ?"

"ಚರ್ಚಿಗೆ ಹೋದ, ಏಣಿ ತರೋಕೆ. ಹಗ್ಗ ಮಂಜುಗಟ್ಟಿ ಬಾವುಟ ಅರ್ಧದಲ್ಲೇ ಸಿಕ್ಕಾಕೊಂಡಿದೆ. ಮೇಲೂ ಹೋಗಲ್ಲ, ಕೆಳಗೂ ಬರಲ್ಲ. ಅವನ ಬೈಗುಳ ಮಗು ಕಿವಿಗೆ ಬೀಳಬಾರದು ಅಂತ ನಾನೇ ಓಡಿಸಿದೆ."

ನನಗೆ ನಗಬೇಕೋ ಅಳಬೇಕೋ ತಿಳಿಯದೆ ಎರಡೂ ಒಟ್ಟಿಗೆ ಬಂದವು. ಅದೇ ಹೊತ್ತಿಗೆ ಬೀದಿಯ ಕಡೆಯಿಂದ ಏವಾಲ್ಡರ ಗಡಸು ದನಿ ಕೇಳಿತು. ಮುಂದಿನಂಗಳಕ್ಕೆ ಹೋದೆವು. ಹೆಗಲ ಮೇಲೆ ಉದ್ದನೆಯ ಏಣಿ ಹೊತ್ತು ಅವರು ಗೇಟಿನ ಹತ್ತಿರ ನಿಂತಿದ್ದರು. ಬೀದಿಯುದ್ದಕ್ಕೂ ಇಳಿದ ಬಾವುಟಗಳನ್ನು ನೋಡಿ, ಟೋಪಿ ತೆಗೆದು ಎದೆಗಿಟ್ಟುಕೊಂಡರು.

"ದೇವರೇ. ಯಾರು ಹೋದ್ರು?"

"ನೀನೇ!" ಎಂದರು ಯುಟ್ಟಾ.

"ನಾನಾ? ಯಾವಾಗ?"

"ಬಾವುಟ ಇಳಿಸಿದ್ದು ನೀನಲ್ವೇನೋ ಮುದುಕ! ನಿನಗೋಸ್ಕರ ಕಾಲು ಗಂಟೆ ಅತ್ತಿದೀನಿ, ಬೇಕರಿಗೆ ಬೀಗ ಹಾಕಿ ಬಂದಿದೀನಿ!"

"ಕೇಕಿನಲ್ಲಿ ಬಾದಾಮಿ ಹಾಕಿದೀಯಾ?"

"ಹಾಕಿದೀನಿ."

"ಹಂಗಾದ್ರೆ ವಾಪಸ್ ತಗೊಂಡು ಹೋಗಬೇಡ."

ಗೂರ್ಲಿ ಕೆಟಲಿನಲ್ಲಿ ಬಿಸಿನೀರು ತಂದರು. ಏವಾಲ್ಡ್ ಏಣಿ ಹತ್ತಿ, ಗಟ್ಟಿಯಾದ ಹಗ್ಗಕ್ಕೆ ಸುರಿದು, ಕೈಯಲ್ಲಿ ಉಜ್ಜಿ ಉಜ್ಜಿ ಸಡಿಲಿಸಿದರು. ಕೆಳಗಿಳಿದು ಎಳೆದಾಗ ಬಾವುಟ ಕಿರ್ರೆನ್ನುತ್ತ ತುದಿ ಮುಟ್ಟಿತು. ಎದುರುಮನೆಯವರು ತಮ್ಮದನ್ನು ಏರಿಸಿದರು. ಬೀದಿಯೇ ಏರಿಸಿತು. ಸತ್ತ ಏವಾಲ್ಡರನ್ನು ಹಾಗೆ ಸರಿಯಾಗಿ ಕಳಿಸಿಕೊಟ್ಟು, ಬದುಕಿದ್ದ ಏವಾಲ್ಡರ ಅಡುಗೆಮನೆಯಲ್ಲಿ ಎಲ್ಲರೂ ಕಾಫಿಗೆ ಕೂತೆವು. ಆಸ್ತಾ ಇಷ್ಟೆಲ್ಲದರ ನಡುವೆ ಕಣ್ಣು ಬಿಡಲಿಲ್ಲ.

ಯುಟ್ಟಾ ಕೇಕು ಕತ್ತರಿಸುತ್ತ ಕೇಳಿದರು: "ಅದಿರಲಿ, ಬಾವುಟ ಏರಿಸ್ತಿದ್ದದ್ದು ಯಾತಕ್ಕೆ? ಇವತ್ತು ಯಾರದೂ ಏನೂ ಇಲ್ವಲ್ಲ."

ಏವಾಲ್ಡ್ ಗೂರ್ಲಿಯ ಮುಖ ನೋಡಿದರು. ಗೂರ್ಲಿ ಸಕ್ಕರೆ ಡಬ್ಬಿಯ ಮುಖ ನೋಡಿದರು.

"ಗುರುವಾರ ಅಂತ," ಎಂದರು ಏವಾಲ್ಡ್.

"ಗುರುವಾರಕ್ಕೆ ಯಾವತ್ತಿಂದ?"

"ಇವತ್ತಿಂದ. ಕೇಕು ತಿನ್ನು."

ಸಂಜೆ ಮನೆಯಲ್ಲಿ ನಾನು ಆಲೂಗಡ್ಡೆ ಸುಲಿಯುತ್ತಿದ್ದೆ. ಕುರ್ಚಿ ಹಿಡಿದು ನಿಂತಿದ್ದ ಆಸ್ತಾ ಕುರ್ಚಿಯನ್ನು ಬಿಟ್ಟಳು. ಕುಡಿದವರ ಹಾಗೆ ವಾಲಾಡುತ್ತ, ಎರಡೂ ಕೈ ಮೇಲೆತ್ತಿಕೊಂಡು, ಕುರ್ಚಿಯಿಂದ ನನ್ನ ಮೊಣಕಾಲಿನವರೆಗೆ ನಡೆದು ಬಂದುಬಿಟ್ಟಳು. ಆಲೂಗಡ್ಡೆ ನೆಲಕ್ಕೆ ಬಿತ್ತು. ಎಸ್ಕಿಲ್‌ಗೆ ಫೋನು ಮಾಡಿ ಕೂಗಿದೆ; ಗಾಳಿಯಲ್ಲಿ ಅವನಿಗೆ ಏನು ಕೇಳಿಸಿತೋ, "ಅಯ್ಯೋ, ಜೋರಾಗಿ ಪೆಟ್ಟಾಯ್ತಾ?" ಎಂದ. ಮೊದಲ ಹೆಜ್ಜೆಯನ್ನು ನಾನು ಲೈಬ್ರರಿಯಲ್ಲಿರುವಾಗ ಇಟ್ಟುಬಿಡುತ್ತಾಳೆ ಎಂದು ವಾರಗಳಿಂದ ಸಂಕಟಪಟ್ಟಿದ್ದೆ, ಗೂರ್ಲಿಯ ಹತ್ತಿರವೂ ಗೋಳಾಡಿದ್ದೆ. ಆ ಸಂಕಟವೂ ಕಳೆಯಿತು.

ಮರುದಿನ ಬೆಳಿಗ್ಗೆ ಗೇಟಿನಿಂದಲೇ ಹೇಳಿದೆ. ಏವಾಲ್ಡ್ ಕಂಬದ ಹಗ್ಗದ ರಾಟೆಗೆ ಎಣ್ಣೆ ಹಾಕುತ್ತಿದ್ದರು.

"ನಡೆದಳಾ!" ಎಂದು ಕಣ್ಣು ತೀರಾ ಅಗಲ ಮಾಡಿದರು. "ಮೊದಲನೇ ಸಲಾನಾ! ಎಲ್ಲಿಂದ ಎಲ್ಲಿಗೆ?"

"ಕುರ್ಚಿಯಿಂದ ನನ್ನ ಹತ್ತಿರಕ್ಕೆ."

"ಅಷ್ಟೇನಾ? ಇಲ್ಲಿ ಕಿಟಕಿವರೆಗೂ..."

ಬಾಗಿಲಲ್ಲಿ ಗೂರ್ಲಿ ಕೆಮ್ಮಿದರು. ಏವಾಲ್ಡ್ ಎಣ್ಣೆಯ ಡಬ್ಬಿಯ ಮುಚ್ಚಳ ಹುಡುಕತೊಡಗಿದರು. ಅದು ಅವರ ಕೈಯಲ್ಲೇ ಇತ್ತು.

ಹಿಂದಿನ ದಿನದ ಗುರುವಾರದ ಬಾವುಟ ಯಾರ ಹೆಜ್ಜೆಗೆಂದು ನನಗೆ ಆಗ ತಿಳಿಯಿತು. ಕೋಪ ಬರುತ್ತದೆಂದು ಒಂದು ಕ್ಷಣ ಕಾದೆ. ಬರಲಿಲ್ಲ.

"ಕಿಟಕಿವರೆಗೂ ಬೇಗ ನಡೀತಾಳೆ ಬಿಡಿ," ಎಂದೆ. "ನೀವು ಬಾವುಟ ಏರಿಸಲ್ವಾ?"

"ಏರಿಸದೆ!" ಎಂದವರು ಹಗ್ಗ ಬಿಚ್ಚಿದರು. "ಊರಲ್ಲಿ ಇಷ್ಟು ದೊಡ್ಡ ಸುದ್ದಿ ಆಗಿದೆ."

ಹೊಸ ಎಣ್ಣೆಗೆ ಬಾವುಟ ಸದ್ದಿಲ್ಲದೆ ಒಂದೇ ಉಸಿರಿಗೆ ತುದಿಗೆ ಹೋಯಿತು. ಬೇಕರಿಯ ಬಾಗಿಲು ತೆರೆದು ಯುಟ್ಟಾ ಕೂಗಿದರು: "ಇವತ್ತು ಶುಕ್ರವಾರ ಅಂತಲೋ?"

ನಾನು ಆಸ್ತಾಳನ್ನು ಗೂರ್ಲಿಯ ಕೈಗೆ ಕೊಟ್ಟು ದಿಬ್ಬ ಹತ್ತಿದೆ. ಅರ್ಧ ದಾರಿಯಲ್ಲಿ ನೆನಪಾಯಿತು, ಇವತ್ತು ಒಳಗೇ ಮಲಗಿಸಿ ಎಂದು ಹೇಳಲು ಮರೆತಿದ್ದೆ. ನಿಂತೆ. ಮತ್ತೆ ಮೇಲಕ್ಕೇ ನಡೆದೆ.