ಗಡಿಗೆಮ್ಮನ ಕಣ್ಣುಗುಡ್ಡೆ

ನಗಿಸಬೇಕೆಂದು ಪುಸ್ತಕ ಬರೆದು, ಅದನ್ನು ಸ್ವಂತ ಮನೆಯಲ್ಲೇ ಓದಿ, ಮನೆಮಂದಿಯೆಲ್ಲ ಹೆದರಿ ಗೋಡೆಗೆ ಬೆನ್ನು ಹಚ್ಚಿ ಕೂತದ್ದನ್ನು ಕಣ್ಣಾರೆ ಕಂಡ ಕವಿ ಬಹುಶಃ ನಾನೊಬ್ಬನೇ. ಗಡಿಯಾಚೆ, ಆದವಾನಿ ಹತ್ತಿರದ ಹಾಲಹರವಿಯ ಕಡೆ ಮೇಷ್ಟ್ರುಗಿರಿ ಮಾಡುವವನು ನಾನು. ಮಕ್ಕಳು ನಗಬಾರದ ಹೊತ್ತಿನಲ್ಲಿ ನಗುವುದನ್ನು ತಡೆಯುವುದೇ ಇಪ್ಪತ್ತು ವರ್ಷದ ನನ್ನ ಕಸುಬು. ನಗಬೇಕಾದ ಹೊತ್ತಿನಲ್ಲಿ ನಗಿಸುವುದು ಬೇರೆ ವಿದ್ಯೆ ಎಂದು ಗೊತ್ತಾಗಲು ಈ ವರ್ಷದ ಬೇಸಿಗೆ ಬರಬೇಕಾಯಿತು.

ಕಾರಣ ಹೇಳಿಬಿಡುತ್ತೇನೆ. ಮಾಘದಲ್ಲಿ ಅವ್ವ ತೀರಿಕೊಂಡಳು. ಮಣ್ಣು ಮಾಡಿ ಬಂದ ದಿನದಿಂದ ಅಪ್ಪ ಮಾತು ನಿಲ್ಲಿಸಿದರು. ಸಿಟ್ಟಿಲ್ಲ, ಅಳುವಿಲ್ಲ. ಇಟ್ಟದ್ದು ಉಣ್ಣುತ್ತಾರೆ, ಹಣೆಗೆ ವಿಭೂತಿ ಹಚ್ಚುತ್ತಾರೆ, ಕರೆದರೆ ತಿರುಗುತ್ತಾರೆ. ಮಾತು ಮಾತ್ರ ಇಲ್ಲ. ಕರ್ನೂಲಿನ ಡಾಕ್ಟರು ಟಾರ್ಚು ಹಾಕಿ ಗಂಟಲು ನೋಡಿ, "ಅಂತಾ ಬಾಗುಂದಿ, ಏನೂ ತೊಂದರಿ ಇಲ್ಲ" ಎಂದರು. ತೊಂದರೆ ಇಲ್ಲದ ಗಂಟಲಿನಿಂದ ಮಾತು ಬರದಿದ್ದರೆ ಎಲ್ಲಿ ತೋರಿಸಬೇಕು ಎಂಬುದನ್ನು ಅವರು ಹೇಳಲಿಲ್ಲ. ಹೀಗೇ ಬಿಟ್ಟರೆ ಅಪ್ಪನೂ ಉಳಿಯುವುದಿಲ್ಲ ಎಂಬ ಹೆದರಿಕೆ ನನಗೆ ಹತ್ತಿತು.

"ಮನಿ ಮಂದೆಲ್ಲ ಕೂಡಿ ಕುಂತು ನಗುವಂಥದ್ದು ಏನರ ಮಾಡ್ರಿ" ಎಂದು ನನ್ನ ಹೆಂಡತಿ ಸುಜಾತ ಹೇಳಿದಳು. "ಮಂದಿ ನಗೋದು ಕೇಳಿದ್ರ ಮಾವಾರೂ ಒಂದು ಮಾತು ಆಡಬಹುದು."

ಹಾಗೆ ಹುಟ್ಟಿದ್ದು ಗಡಿಗೆಮ್ಮ. ತಲೆಯ ಜಾಗದಲ್ಲಿ ಕರಿ ಗಡಿಗೆ ಇರುವ, ಕೋರೆಹಲ್ಲಿನ, ಸದಾ ಹಸಿದಿರುವ ಒಬ್ಬ ದೆವ್ವಿ. ಆಕೆ ಆಟೋ ಹತ್ತಿದರೆ ಡ್ರೈವರ್ ಆಟೋ ಬಿಟ್ಟು ಓಡುತ್ತಾನೆ. ಹತ್ತಿ ಮಾರ್ಕೆಟ್ಟಿನಲ್ಲಿ ಸೀನಿದರೆ ಆದವಾನಿಗೆಲ್ಲ ಹಿಮ ಬೀಳುತ್ತದೆ. ಅಡುಗೆ ಮಾಡುವ ಪದ್ಯ ಕೇಳಿ, ಇದಕ್ಕಿಂತ ಒಳ್ಳೆಯದು ನನ್ನ ಹತ್ತಿರ ಇಲ್ಲ:

ಗಡಿಗೆಮ್ಮ ಬಂದಳು ಗುಡುಗುಡು ಓಡಿ,
ಗಂಗಾಳ ಬಡಿದಳು ಗಲಗಲ ಮಾಡಿ;
ಸಾರಿಗೆ ಸುರಿದಳು ಸೇರುಪ್ಪು ಹಿಡಿದು,
ತಾನುಂಡು ಬೈದಳು ಹಲ್ಹಲ್ಲು ಕಡಿದು!

ಚಿತ್ರ ಬರೆಯಲು ಹೊರಗೆ ಹುಡುಕಬೇಕಿರಲಿಲ್ಲ. ನಮ್ಮಣ್ಣ ಬಸಣ್ಣ ದೃಷ್ಟಿಮುಖ ಬರೆಯುವವನು. ಹೊಸ ಮನೆ, ಹೊಸ ಜಿನ್ನಿಂಗ್ ಮಿಲ್ಲು, ಹೊಸ ಅಂಗಡಿ ಯಾವುದೇ ಏಳಲಿ, ಅದರ ಹಣೆಯ ಮೇಲೆ ಕಟ್ಟುವ ಕುಂಬಳಕಾಯಿಗೋ ಗಡಿಗೆಗೋ ತಗಡಿಗೋ ರಾಕ್ಷಸ ಮುಖ ಬರೆಯುವುದು ಅವನ ಕೆಲಸ. ಆದವಾನಿಯ ಬೀದಿಯಲ್ಲಿ ನೀವು ತಲೆ ಎತ್ತಿ ನಡೆದರೆ ನಿಮ್ಮನ್ನು ದುರುಗುಟ್ಟಿ ನೋಡುವ ಮುಖಗಳಲ್ಲಿ ಅರ್ಧಕ್ಕರ್ಧ ಅವನವೇ. ಗಂಟಿಕ್ಕಿದ ಹುಬ್ಬು, ಬಿಗಿದ ತುಟಿಯ ಎರಡೂ ಮೂಲೆಯಿಂದ ಇಣುಕುವ ಹಲ್ಲು. ಮೂವತ್ತು ವರ್ಷದಿಂದ ಒಂದೇ ಮುಖ.

ಈ ಕಸುಬಿಗೊಂದು ಕಟ್ಟಳೆ ಇದೆ. ಕಣ್ಣುಗುಡ್ಡೆ ಇಡುವುದು ಕಟ್ಟಕಡೆಗೆ. ಅದೂ ಮುಖವನ್ನು ಮೇಲೆ ಕಟ್ಟಿ, ಬೀದಿಗೆ ತಿರುಗಿಸಿ, ಏಣಿ ಹತ್ತಿ ಇಡಬೇಕು. ಒಮ್ಮೆ ಗುಡ್ಡೆ ಇಟ್ಟಮೇಲೆ ಆ ಮುಖ ಮನೆಯ ಕಡೆ ತಿರುಗಬಾರದು. ಅದು ಯಾವ ಕಡೆ ನೋಡುತ್ತದೋ ಆ ಕಡೆಯದನ್ನು ತಿನ್ನುತ್ತದೆ ಎಂದು ನಂಬಿಕೆ. ಬೀದಿ ನೋಡಿದರೆ ಬೀದಿಯ ಕೆಟ್ಟ ಕಣ್ಣನ್ನು, ಮನೆ ನೋಡಿದರೆ ಮನೆಯನ್ನು.

ಹನ್ನೆರಡು ಚಿತ್ರ ಬರೆದು, ದಾರ ಹಾಕಿ ಹೊಲಿಸಿ ಬಸಣ್ಣ ಪುಸ್ತಕ ತಂದ. ಬಣ್ಣ ನೋಡಿ ನನ್ನ ಮಗಳು ಅನೂಷಾ ಕುಣಿದಳು. ಆದರೆ ಹನ್ನೆರಡರಲ್ಲೂ ಗಡಿಗೆಮ್ಮನ ಕಣ್ಣು ಬರೀ ಬಿಳಿ. ಗುಡ್ಡೆಯೇ ಇಲ್ಲ.

"ಇದ್ಯಾಕಣ್ಣಾ?" ಎಂದೆ.

"ಪುಸ್ತಕಕ್ಕ ಬೀದಿ ಯಾವ ಕಡಿ ಐತಿ, ಹೇಳು. ಈಗ ಇಡ್ತೀನಿ" ಎಂದ.

ನಾನು ಎಂಎ ಓದಿದವನು. ಪುಸ್ತಕವನ್ನು ಹಿಂದೆಮುಂದೆ ತಿರುಗಿಸಿ ನೋಡಿದೆ. ಪುಸ್ತಕ ಎನ್ನುವುದು ಎಲ್ಲಿ ತೆರೆದರೂ ತೆರೆದವನ ಮುಖವನ್ನೇ ನೋಡುವ ವಸ್ತು. ಅದಕ್ಕೆ ಬೀದಿ ಇಲ್ಲ, ಬರೀ ಒಳಮನೆ.

ಓದು ಶುರುವಾದದ್ದು ಮೇ ತಿಂಗಳ ಮಧ್ಯಾಹ್ನಗಳಲ್ಲಿ. ನಮ್ಮ ಕಡೆ ದೆವ್ವಗಳಿಗೆ ರಾತ್ರಿಯ ಹಂಗಿಲ್ಲ. ಮಟಮಟ ಮಧ್ಯಾಹ್ನ, ಬಂಡೆ ಕಾದು ಬೀದಿಯಲ್ಲಿ ನಾಯಿಯೂ ಇಲ್ಲದ ಹೊತ್ತೇ ಅವುಗಳ ತಿರುಗಾಟದ ಹೊತ್ತು. ಬಿಸಿಲಿಗೆ ಬಾಗಿಲು ಹಾಕಿ, ಕಲ್ಲುಚಪ್ಪಡಿಯ ಸೂರಿನ ಕೆಳಗೆ ಚಾಪೆ ಹಾಸಿ ಕೂರುತ್ತಿದ್ದೆವು. ಬೆಳಕಿಂಡಿಯಿಂದ ಇಳಿದ ಒಂದೇ ಒಂದು ಬಿಸಿಲ ಕೋಲು ಸರಿಯಾಗಿ ಹಾಳೆಯ ಮೇಲೆ. ನಾನು ಕೈಕಾಲು ಆಡಿಸಿ ಪದ್ಯ ಓದಿದೆ. ಮೊದಲ ದಿನ ಅನೂಷಾ ನಕ್ಕಳು. ಎರಡನೆಯ ದಿನ ಅಮ್ಮನ ಸೆರಗು ಹಿಡಿದಳು. "ಆಕಿ ನನ್ನೇ ಚೂಸ್ತಾ ಅದಾಳ" ಎಂದಳು. ಗುಡ್ಡೆಯೇ ಇಲ್ಲದ ಕಣ್ಣು ನೋಡುವುದು ಹೇಗೆ ಎಂದು ಗದರಲು ಹೋಗಿ ಹಾಳೆ ನೋಡಿದೆ. ನನ್ನನ್ನೇ ನೋಡುತ್ತಿದ್ದಳು.

ಶಾಸ್ತ್ರದವರು ಹಾಸ್ಯವನ್ನು ಒಂದು ಖಾನೆಯಲ್ಲಿ, ಭಯಾನಕವನ್ನು ಇನ್ನೊಂದರಲ್ಲಿ ಇಟ್ಟಿದ್ದಾರೆ. ಮಧ್ಯದ ಗೋಡೆ ತೀರ ತೆಳ್ಳಗಿದೆ ಎಂದು ನನಗೆ ಅನ್ನಿಸುತ್ತದೆ. ಸೊಟ್ಟ ಬಾಯಿ, ಉಬ್ಬಿದ ಹೊಟ್ಟೆ, ತೊದಲು ಮಾತು, ಇವು ಹಾಸ್ಯದ ಸಾಮಾನು ಎನ್ನುತ್ತಾರೆ. ಅವೇ ಸಾಮಾನು ದೇವಸ್ಥಾನದ ಬಾಗಿಲ ಮೇಲೆ ನಾಲಿಗೆ ಚಾಚಿ ಕೂತಾಗ ನಾವು ತಲೆ ತಗ್ಗಿಸಿ ಒಳಗೆ ಹೋಗುತ್ತೇವೆ. ಮರೆಯಿಂದ "ಬೋ" ಎಂದರೆ ಕೂಸು ಮೊದಲು ಬೆದರಿ, ಆಮೇಲೆ ಕೇಕೆ ಹಾಕುತ್ತದೆ. ನಮ್ಮ ಮನೆಯ ಓದು ಮಾತ್ರ ತಲೆಕೆಳಗಾಗಿ ನಡೆದಿತ್ತು, ಮೊದಲು ಕೇಕೆ, ಆಮೇಲೆ ಬೆದರಿಕೆ.

ಅಪ್ಪ ಮಾತ್ರ ಹೆದರಲೂ ಇಲ್ಲ, ನಗಲೂ ಇಲ್ಲ. ಕಂಬಕ್ಕೆ ಒರಗಿ ಹಾಳೆಯನ್ನೇ ನೋಡುತ್ತಿದ್ದರು. ಓದು ಮುಗಿದ ಮೇಲೆ ನಾನು ಪುಸ್ತಕವನ್ನು ಗೋಡೆಯ ಎತ್ತರದ ಮಾಡದಲ್ಲಿ ಇಡುತ್ತಿದ್ದೆ. ಮರುದಿನ ಮಧ್ಯಾಹ್ನ ಬಂದರೆ ಅದು ಚಾಪೆಯ ಮೇಲೆ, ಅಪ್ಪನ ಎದುರಿಗೆ, ಅಡುಗೆಯ ಪದ್ಯದ ಹಾಳೆಗೆ ತೆರೆದು ಬಿದ್ದಿರುತ್ತಿತ್ತು. ನಾಲ್ಕು ದಿನ ಹೀಗೇ ಆಯಿತು. ಸುಜಾತ ತಾನಲ್ಲ ಎಂದಳು. ಅನೂಷಾ ಆ ಪುಸ್ತಕ ಮುಟ್ಟುವುದನ್ನೇ ಬಿಟ್ಟಿದ್ದಳು. ಅಪ್ಪನ ಮೊಣಕಾಲು ಆ ಎತ್ತರಕ್ಕೆ ಏಳುವ ಸ್ಥಿತಿಯಲ್ಲಿಲ್ಲ. ಯಾರು ಇಳಿಸಿದರು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಕೇಳುವ ಧೈರ್ಯವೂ ಹೋಗಿದೆ.

ಐದನೆಯ ದಿನ ಪುಸ್ತಕವನ್ನು ಬಸಣ್ಣನಿಗೇ ವಾಪಸು ಕೊಡಬೇಕೆಂದು ಫೋನು ಮಾಡಿದೆ. ಅವನು ಬರುವಷ್ಟರಲ್ಲಿ ಅನೂಷಾ ಒಂದು ಕೆಲಸ ಮಾಡಿದ್ದಳು. ಹೆದರಿಕೆಗೆ ಮಕ್ಕಳು ಹುಡುಕುವ ಮದ್ದೇ ಬೇರೆ. ಸ್ಕೆಚ್ ಪೆನ್ನು ಹಿಡಿದು ಅಡುಗೆಯ ಹಾಳೆಯ ಗಡಿಗೆಮ್ಮನಿಗೆ ಎರಡು ಕರಿ ಗುಡ್ಡೆ ಇಟ್ಟಿದ್ದಳು.

"ಪಾಪ, ಆಕಿಗೆ ಕಾಣ್ತಿರಲಿಲ್ಲ ಕದಾ ನಾನ್ನಾ. ಅದಕ್ಕ ಹಂಗ ನೋಡ್ತಿದ್ಲು" ಎಂದು ಅಪ್ಪನಾದ ನನಗೇ ತಿಳಿಹೇಳಿದಳು.

ಎರಡೂ ಗುಡ್ಡೆಗಳು ಸ್ವಲ್ಪ ಮೂಗಿನ ಕಡೆಗೆ ವಾಲಿದ್ದವು. ನಾನು ಬಗ್ಗಿ ನೋಡಿದೆ. ಹಾಳೆಯಲ್ಲಿ ಇದ್ದದ್ದು ನಮ್ಮವ್ವ. ಸೂಜಿಗೆ ದಾರ ಪೋಣಿಸುವಾಗ ಕಣ್ಣು ಮೂಗಿನ ಕಡೆ ವಾಲಿಸಿ, ಹುಬ್ಬು ಗಂಟಿಕ್ಕಿ, ತುಟಿ ಬಿಗಿದು ಕೂರುತ್ತಿದ್ದಳಲ್ಲ, ಅದೇ ಅವ್ವ. ಆಣೆ ಮಾಡಿ ಹೇಳುತ್ತೇನೆ, ಪದ್ಯ ಬರೆಯುವಾಗ ನನ್ನ ಮನಸ್ಸಿನಲ್ಲಿ ಆಕೆ ಇರಲಿಲ್ಲ. ಇರಲಿಲ್ಲ ಎಂದೇ ಅಂದುಕೊಂಡಿದ್ದೆ.

ಆಗ ಕಂಬದ ಕಡೆಯಿಂದ ಒಂದು ದನಿ ಬಂತು. ತುಕ್ಕು ಹಿಡಿದ ಚಿಲಕ ಸರಿಸಿದಂಥ ದನಿ. ಅಪ್ಪ ಮಾತಾಡುತ್ತಿದ್ದರು, ನಮ್ಮ ಜೊತೆ ಅಲ್ಲ, ಹಾಳೆಯ ಜೊತೆ.

"ನೀ ಏನೂ ಮನಸಿಗಿ ಹಚ್ಕೋಬ್ಯಾಡ. ಅವ ಪದ್ಯದಾಗ ಸುಳ್ಳು ಬರದಾನ."

ಸುಜಾತ ಬಾಯಿಗೆ ಸೆರಗು ಒತ್ತಿಕೊಂಡಳು. ಅಪ್ಪ ಹಾಳೆಯ ಕಡೆ ಕಿವಿ ವಾಲಿಸಿದರು. ಎದುರಿಗಿದ್ದವರು ಏನೋ ಹೇಳುತ್ತಿದ್ದರೆ ಕೇಳುವವರ ಹಾಗೆ. ಆಮೇಲೆ "ಹೂಂ, ಹೇಳ್ತೀನಿ" ಎಂದರು. ಆ "ಹೂಂ" ಕೇಳಿ ನನಗೆ ಆದಷ್ಟು ಹೆದರಿಕೆ ಜನ್ಮದಲ್ಲಿ ಆಗಿಲ್ಲ. ಅಷ್ಟು ಸಂತೋಷವೂ ಆಗಿಲ್ಲ.

ಅದೇ ಹೊತ್ತಿಗೆ ಬಸಣ್ಣ ಬಾಗಿಲು ತಳ್ಳಿ ಒಳಗೆ ಬಂದ. ಹಾಳೆ ಕಂಡದ್ದೇ ಅವನ ಮುಖದ ಬಣ್ಣ ಹೋಯಿತು. "ಯಾರು ಗುಡ್ಡಿ ಇಟ್ಟೋರು? ಮನಿಯೊಳಗ ನೋಡಾಕತ್ತಾಳಲ್ಲೋ!" ಎನ್ನುತ್ತ ಪುಸ್ತಕ ಎತ್ತಿಕೊಂಡು, ತೆರೆದ ಹಾಳೆಯನ್ನು ಬಾಗಿಲ ಕಡೆ, ಬಿಸಿಲು ಸುರಿಯುವ ಬೀದಿಯ ಕಡೆ ಹಿಡಿದ.

"ಬಸ್ಯಾ" ಎಂದರು ಅಪ್ಪ.

ಮೂರ್ನಾಲ್ಕು ತಿಂಗಳ ಮೇಲೆ ಅಪ್ಪನ ಬಾಯಲ್ಲಿ ತನ್ನ ಹೆಸರು ಕೇಳಿ ಅಣ್ಣ ಅಲ್ಲೇ ನಿಂತ.

"ಮೂವತ್ತು ವರ್ಷ ಆಕಿನ್ನ ಬೀದಿ ಕಾಯಾಕ ಹಚ್ಚಿದಿ. ಸಾಕು. ಇನ್ನ ಮನಿ ನೋಡ್ಲಿ."

ಬಸಣ್ಣ ಹಾಳೆಯ ಮುಖವನ್ನು ತನ್ನ ಕಡೆ ತಿರುಗಿಸಿ ಮೊದಲ ಸಲ ಪೂರ್ತಿ ನೋಡಿದ. ಊರ ತುಂಬ ಮಿಲ್ಲು, ಮನೆ, ಅಂಗಡಿಗಳ ಮೇಲೆ ಯಾರನ್ನು ಕಟ್ಟಿಬಂದಿದ್ದೇನೆಂದು ಅವನಿಗೆ ಆಗಲೇ ತಿಳಿದದ್ದು. ಚಾಪೆಯ ಮೇಲೆ ಕುಸಿದು ಕೂತು ಮಗುವಿನ ಹಾಗೆ ಅತ್ತ. ಅಪ್ಪ ಅವನ ತಲೆಯ ಮೇಲೆ ಕೈಯಿಟ್ಟು, ನನ್ನ ಕಡೆ ತಿರುಗಿ ಪೆನ್ನು ತೆಗೆದುಕೊಳ್ಳೆಂದು ಸನ್ನೆ ಮಾಡಿದರು.

"ಆ ಉಪ್ಪಿನ ಸಾಲು ಹೊಡಿ."

ಹೊಡೆದೆ. "ಏನು ಬರೀಲಿ ಅಪ್ಪಾ?"

ಹಾಳೆಯನ್ನೊಮ್ಮೆ ನೋಡಿ, ಒಪ್ಪಿಗೆ ಸಿಕ್ಕವರಂತೆ ಹೇಳಿದರು: "ಉಪ್ಪು ಬರೋಬ್ಬರಿ ಇತ್ತು, ಅಂತ ಬರಿ."

ಪ್ರಾಸ ಕೂಡಲಿಲ್ಲ, ಲಯ ಮುರಿಯಿತು. ಈಗ ಮಧ್ಯಾಹ್ನದ ಓದಿನಲ್ಲಿ ಎಲ್ಲರೂ ಬಿದ್ದು ಬಿದ್ದು ನಗುವುದು ಆ ಒಂದೇ ಸಾಲಿಗೆ. ಅಪ್ಪ ಮಾತ್ರ ನಗುವುದಿಲ್ಲ. ನಕ್ಕವರನ್ನೆಲ್ಲ ಸುಮ್ಮನಿರಿಸಿ, ಆಕೆ ಏನಂದಳೆಂದು ನಮಗೆ ಹೇಳುತ್ತಾರೆ.